ಯಂತ್ರ ಬಂತು, ಮೇಜು ಬರಲಿಲ್ಲ

ದಾವಣಗೆರೆಯಿಂದ ಹರಿಹರಕ್ಕೆ ಹೊರಟ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸ್ಥಳ ಸಿಕ್ಕವರು ಬಾತಿಯ ಕೆರೆಯನ್ನು ನೋಡದೆ ಇರಲಾರರು. ಮಳೆ ಚೆನ್ನಾದ ವರ್ಷ ನೀರು ರಸ್ತೆಯ ಕಡೆಗೇ ನಡೆದು ಬಂದಂತೆ ತೋರುತ್ತದೆ. ಒಂದು ಕಡೆ ಗುಡ್ಡ, ಗುಡ್ಡದಲ್ಲಿ ದರ್ಗಾ. ಇನ್ನೊಂದು ಕಡೆ ಹಳೆಯ ಪೂನಾ-ಬೆಂಗಳೂರು ರಸ್ತೆಯ ಲಾರಿಗಳ ಸಾಲು. ಎರಡು ಪಟ್ಟಣಗಳು ಎರಡು ಕೈ ಹಿಡಿದು ಎಳೆಯುತ್ತಿದ್ದರೂ ತಾನಿನ್ನೂ ಹಳ್ಳಿಯೇ ಎಂದು ಪಟ್ಟು ಹಿಡಿದು ಕುಳಿತ ಊರು ಬಾತಿ. ಈ ಸೀಮೆಯಲ್ಲಿ, ಭದ್ರಾ ನಾಲೆಯ ನೀರು ಒಂದು ವರ್ಷ ತಲುಪಿದರೆ ಇನ್ನೊಂದು ವರ್ಷ ಹಾದಿಯಲ್ಲೇ ಬತ್ತುವ ಕಡೆ, ನನ್ನ ತೀರ್ಥರೂಪರು ಬಿಟ್ಟುಹೋದ ಒಂದೂವರೆ ಎಕರೆ ಗದ್ದೆಯಿದೆ. ಅವರು ತೀರಿಕೊಂಡು ಬಹಳ ವರ್ಷಗಳಾದರೂ ಪಹಣಿಯಲ್ಲಿ ಮಾತ್ರ ಚಿರಂಜೀವಿಯಾಗಿದ್ದರು. ಮೇಷ್ಟರ ಕೆಲಸದಲ್ಲಿ ಊರೂರು ತಿರುಗಿದ ನನಗೆ ಅದನ್ನು ಸರಿಪಡಿಸಿಕೊಳ್ಳುವ ವ್ಯವಧಾನ ಬಂದದ್ದು ನಿವೃತ್ತಿಯಾದ ಮೇಲೆ. ಪೌತಿ ಖಾತೆಯ ಅರ್ಜಿಯನ್ನು ಹಿಡಿದು ಒಂದು ಬೆಳಿಗ್ಗೆ ಗ್ರಾಮ ಆಡಳಿತಾಧಿಕಾರಿಯವರ ಕಛೇರಿಗೆ ಹೋದೆ.

ಆ ಕಛೇರಿ ಯಾವ ಊರಿನದೆಂದು ಇಲ್ಲಿ ಹೇಳುವುದಿಲ್ಲ. ನಾನು ಅಲ್ಲಿ ಕಂಡದ್ದನ್ನು ರಾಜ್ಯದ ಎಷ್ಟೋ ಹಳ್ಳಿಗಳಲ್ಲಿ ಕಾಣಬಹುದಾದ್ದರಿಂದ ಒಂದೇ ಊರಿನ ಹಣೆಗೆ ಅದನ್ನು ಹಚ್ಚುವುದು ನ್ಯಾಯವಲ್ಲ. ಕಟ್ಟಡ ಬೇರೊಂದು ಇಲಾಖೆಯದು; ಅದರಲ್ಲಿ ಒಂದು ಕೋಣೆಯನ್ನು ಇವರಿಗೆ ಎರವಲು ಕೊಟ್ಟಿದ್ದರು. ಕೋಣೆಯ ಅರ್ಧ ಭಾಗದಲ್ಲಿ ಯಾವುದೋ ಯೋಜನೆಯ ಫಲಕಗಳು ಗೋಡೆಗೆ ಒರಗಿ ನಿಂತಿದ್ದವು. ಒಂದು ಪ್ಲಾಸ್ಟಿಕ್ ಕುರ್ಚಿ. ಮೇಜೊಂದಿತ್ತು, ಅದರ ಮೇಲೆ ಹೆಸರು ಮಾತ್ರ ಬೇರೆಯವರದು. ಅಧಿಕಾರಿ ಎಂದರೆ ಉತ್ತರದ ಜಿಲ್ಲೆಯೊಂದರಿಂದ ಬಂದ, ನನ್ನ ಕೊನೆಯ ವಿದ್ಯಾರ್ಥಿಗಳ ವಯಸ್ಸಿನ ಹೆಣ್ಣುಮಗಳು. ಬಾಗಿಲ ಪಕ್ಕದ ಗೋಡೆಗೆ ಅಂಟಿಕೊಂಡಂತೆ ನಿಂತು ಮೊಬೈಲಿನಲ್ಲಿ ಏನನ್ನೋ ಬರೆಯುತ್ತಿದ್ದರು.

“ಕೂಡ್ರಿ ಸರ್” ಎಂದು ಇದ್ದ ಒಂದು ಕುರ್ಚಿಯನ್ನು ನನ್ನತ್ತ ಸರಿಸಿದರು. ನೀವೇ ಕುಳಿತುಕೊಳ್ಳಿ ತಾಯಿ ಎಂದೆ. “ನಾ ಹೆಂಗೂ ನಿಂತs ಮಾಡ್ಬೇಕ್ರಿ ಸರ್. ಚಾರ್ಜರ್ ವೈರ್ ಅಷ್ಟs ಉದ್ದ ಐತಿ” ಎಂದು ನಕ್ಕರು. ಕೋಣೆಗಿದ್ದ ಒಂದೇ ವಿದ್ಯುತ್ ಪ್ಲಗ್ಗು ಬಾಗಿಲ ಪಕ್ಕದಲ್ಲಿ, ಆಳೆತ್ತರದಲ್ಲಿತ್ತು. ಬೆಳಗಿನಿಂದ ದಾಖಲಿಸಿ ದಾಖಲಿಸಿ ಮೊಬೈಲು ದಣಿದುಹೋಗಿತ್ತು. ಅದಕ್ಕೆ ಉಣಿಸುತ್ತಲೇ ಕೆಲಸವನ್ನೂ ಮಾಡಬೇಕು. ನೌಕರರು ನಿಲ್ಲಬೇಕೋ ಕುಳಿತಿರಬೇಕೋ ಎಂಬುದನ್ನು ತಂತಿಯ ಉದ್ದ ತೀರ್ಮಾನಿಸುವ ಕಛೇರಿಯನ್ನು ನಾನು ಅಂದೇ ಮೊದಲು ನೋಡಿದ್ದು.

ಇದನ್ನು ಓದಿ, ಎಲ್ಲೋ ಒಂದು ಕಡೆಯ ಅವ್ಯವಸ್ಥೆಯನ್ನು ಈ ಮುದುಕ ದೊಡ್ಡದು ಮಾಡುತ್ತಿದ್ದಾನೆ ಎಂದು ವಾಚಕರು ಭಾವಿಸಬಹುದು. 2024ರ ಸೆಪ್ಟೆಂಬರ್ ಕೊನೆಯಲ್ಲಿ ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರ ಹೂಡಿದ್ದರು. 2025ರ ಫೆಬ್ರವರಿಯಲ್ಲಿ ಮತ್ತೊಮ್ಮೆ ಹೂಡಿದರು. ಅವರ ಬೇಡಿಕೆಗಳಲ್ಲಿ ಬಡ್ತಿ, ವರ್ಗಾವಣೆಗಳ ಮಾತು ಇದ್ದೇ ಇತ್ತು. ಯಾವ ಮುಷ್ಕರದಲ್ಲಿ ಇಲ್ಲ? ನನ್ನ ಗಮನವನ್ನು ಸೆಳೆದದ್ದು ಬೇರೆ ಸಾಲುಗಳು. ಸುಸಜ್ಜಿತ ಕಛೇರಿ ಬೇಕು, ಮೇಜು ಬೇಕು, ಕುರ್ಚಿ ಬೇಕು, ಬೀರು ಬೇಕು, ಮೊಬೈಲು, ಲ್ಯಾಪ್‌ಟಾಪು, ಮುದ್ರಣಯಂತ್ರ, ಸ್ಕ್ಯಾನರು, ಇಂಟರ್ನೆಟ್ಟು ಬೇಕು ಎಂದು ಸರ್ಕಾರದ ನೌಕರರು ಸರ್ಕಾರವನ್ನೇ ಬೀದಿಯಲ್ಲಿ ಕುಳಿತು ಕೇಳಿದರು. ಹದಿನೈದಕ್ಕೆ ಕಡಿಮೆಯಿಲ್ಲದಷ್ಟು ಆ್ಯಪುಗಳಲ್ಲಿ ಏಕಕಾಲಕ್ಕೆ ಕೆಲಸ ಮಾಡಬೇಕಾಗಿದೆ ಎಂಬುದು ಅವರ ಇನ್ನೊಂದು ಅಳಲು. ಅನಂತರ ಕಂದಾಯ ಇಲಾಖೆ ಲ್ಯಾಪ್‌ಟಾಪುಗಳ ವಿತರಣೆಗೆ ಕೈಹಾಕಿತು, ಅದು ಸ್ವಾಗತಾರ್ಹವೇ. ಆದರೆ ಲ್ಯಾಪ್‌ಟಾಪೆಂಬ ಹೆಸರಿನ ಅರ್ಥವೇ ತೊಡೆಯ ಮೇಲಿಡುವ ಯಂತ್ರ. ಮೇಜಿಲ್ಲದ ಕಛೇರಿಗೆ ಅದು ತಕ್ಕ ಉಡುಗೊರೆ ಎಂದು ವಿನೋದ ಮಾಡಬೇಕೆನಿಸಿದರೂ, ವರ್ಷಾನುಗಟ್ಟಲೆ ಕತ್ತು ಬಗ್ಗಿಸಿ ಅದರ ಮೇಲೆ ದುಡಿಯಬೇಕಾದವರನ್ನು ನೆನೆದು ಸುಮ್ಮನಾಗುತ್ತೇನೆ.

ಹಳೆಯ ಕಾಲದಲ್ಲಿ ಎಲ್ಲ ಚೆನ್ನಾಗಿತ್ತೆಂದು ಹೇಳುವ ಚಪಲ ನನ್ನ ವಯಸ್ಸಿನವರಿಗೆ ಸಹಜ. ಆದ್ದರಿಂದಲೇ ಹಳೆಯ ಕಛೇರಿ ಹೇಗಿತ್ತೆಂಬುದನ್ನು ಸ್ವಲ್ಪ ವಿಚಾರಿಸಿ ನೋಡುವುದು ಮೇಲು. ‘ಕಡತ’ ಎಂಬ ಮಾತನ್ನು ನಾವೀಗ ಕಾಗದದ ಫೈಲಿಗೆ ಬಳಸುತ್ತೇವೆ. ಮೊದಲು ಕಡತವೆಂದರೆ ಬಟ್ಟೆ. ಹುಣಿಸೆಬೀಜದ ಸರಿಗೆ ಇದ್ದಲ ಪುಡಿ ಕಲಸಿ ಬಟ್ಟೆಗೆ ಬಳಿದು ಒಣಗಿಸಿದರೆ ಅದು ಕರಿಯ ಹಲಗೆಯಂತಾಗುತ್ತಿತ್ತು. ಬಳಪದಿಂದ ಬರೆದು, ಮಡಿಕೆ ಮಡಿಕೆಯಾಗಿ ಮಡಿಸಿ ಕಟ್ಟಿಡುತ್ತಿದ್ದರು. ಬೇಡವಾದದ್ದನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಅದೂ ಆ ಕಾಲದ ತಂತ್ರಜ್ಞಾನವೇ. ಶಾನುಭೋಗರು ನಡುಮನೆಯಲ್ಲೋ ಜಗಲಿಯಲ್ಲೋ ಚಾಪೆ ಹಾಸಿ, ಕಂಬಕ್ಕೊರಗಿ, ಇಳಿಜಾರಾದ ಬರೆಯುವ ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು ಕುಳಿತರೆಂದರೆ, ಆ ಪೆಟ್ಟಿಗೆಯ ಎತ್ತರ ಚಕ್ಕಳಮಕ್ಕಳ ಕುಳಿತವನ ಮೊಣಕೈಗೆ ಸರಿಯಾಗಿರುತ್ತಿತ್ತು. ಬೆಳಕು ಅಂಗಳದಿಂದ ಬರುತ್ತಿತ್ತು. ಉಪಕರಣ, ಭಂಗಿ, ಬೆಳಕು ಮೂರೂ ಒಂದಕ್ಕೊಂದು ಹೊಂದಿದ್ದವು.

ಆದರೆ ಆ ಜಗಲಿ ಶಾನುಭೋಗರದು, ಕಡತವೂ ಶಾನುಭೋಗರ ಮನೆಯ ಪೆಟ್ಟಿಗೆಯೊಳಗಿನದು. ತನ್ನ ಹೊಲದ ಎಲ್ಲೆಯನ್ನು ತಿಳಿಯಬೇಕಾದ ಒಕ್ಕಲು ಅಂಗಳದಲ್ಲಿ ನಿಂತು ಅವರ ಊಟ ನಿದ್ರೆ ಮುಗಿಯುವವರೆಗೂ ಕಾಯಬೇಕಾಗಿತ್ತು. ಕೆಳಜಾತಿಯವನಾದರೆ ಅಂಗಳವೂ ದೂರವೇ. ಬರೆಯುವವನಿಗೆ ಎಲ್ಲ ಅನುಕೂಲವಿದ್ದು ಬರೆಸುವವನಿಗೆ ಒಂದೂ ಇಲ್ಲದ ಕಛೇರಿ ಅದು. 1961ರಲ್ಲಿ ರೂಪುಗೊಂಡ ಗ್ರಾಮಾಧಿಕಾರ ರದ್ದಿಯಾತಿ ಕಾಯ್ದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂದು ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆಗಳು ಮುಗಿದವು. ಅವರ ಸ್ಥಾನಕ್ಕೆ ಸಂಬಳದ ಗ್ರಾಮಲೆಕ್ಕಿಗರು ಬಂದರು. ಈಗ ಅವರಿಗೆ ಗ್ರಾಮ ಆಡಳಿತಾಧಿಕಾರಿ ಎಂಬ ದೊಡ್ಡ ಹೆಸರು ಬಂದಿದೆ. ಶಾನುಭೋಗಿಕೆಯನ್ನು ತೆಗೆದದ್ದು ಸರಿ. ಅದರೊಡನೆ ಹೋದ ಜಗಲಿಗೆ ಬದಲಾಗಿ ಏನನ್ನು ಕೊಡಬೇಕೆಂದು ಮಾತ್ರ ಯಾರೂ ಯೋಚಿಸಿದಂತೆ ಕಾಣುವುದಿಲ್ಲ. ಲೆಕ್ಕಿಗರ ದಫ್ತರ ದೇವಸ್ಥಾನದ ಕಟ್ಟೆ, ಹೋಟೆಲಿನ ಬೆಂಚು, ಬಾಡಿಗೆ ಮನೆಯ ಪಡಸಾಲೆಗಳಲ್ಲಿ ಅಲೆಯಿತು.

ಯಂತ್ರವನ್ನು ಕಛೇರಿಯಲ್ಲಿ ಹೇಗೆ ಕೂರಿಸಬೇಕೆಂಬುದನ್ನು ನಮ್ಮ ನಾಡು ಅರಿಯದೆ ಇಲ್ಲ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದಾಗ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿದವು. 177 ತಾಲ್ಲೂಕು ಕೇಂದ್ರಗಳಲ್ಲಿ ಕಿಟಕಿಗಳು ತೆರೆದವು. 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಆ ಕಿಟಕಿಯ ವಿನ್ಯಾಸದಲ್ಲಿ ಒಂದು ಜಾಣತನವಿತ್ತು. ಗಣಕಯಂತ್ರಕ್ಕೆ ಎರಡು ಪರದೆಗಳು: ಒಂದು ಗುಮಾಸ್ತೆಯ ಕಡೆಗೆ, ಇನ್ನೊಂದು ಹೊರಗೆ ನಿಂತ ರೈತನ ಕಡೆಗೆ. ತನ್ನ ಹೆಸರನ್ನು, ತನ್ನ ಸರ್ವೆ ನಂಬರನ್ನು ಒಳಗಿನವರು ಹೇಗೆ ಬರೆಯುತ್ತಿದ್ದಾರೆಂದು ರೈತ ಕಣ್ಣಾರೆ ನೋಡಬಹುದಿತ್ತು. ಗುಮಾಸ್ತೆ ಬೆರಳಚ್ಚು ಒತ್ತಿಯೇ ಯಂತ್ರವನ್ನು ತೆರೆಯಬೇಕು. ಅರ್ಜಿಗಳು ಬಂದ ಸರದಿಯಲ್ಲೇ ಹೋಗಬೇಕು. ಶಾನುಭೋಗರ ಪೆಟ್ಟಿಗೆಯ ಬೀಗ ನಿಜವಾಗಿ ತೆರೆದದ್ದು ಅಂದು ಎನ್ನಬಹುದು. ಎರಡನೆಯ ಪರದೆಗೆ ಆದ ಖರ್ಚು ಎಷ್ಟೋ ಇರಲಿ, ಅದನ್ನು ಯೋಚಿಸಿದವರು ಕಿಟಕಿಯ ಹೊರಗೆ ಒಮ್ಮೆಯಾದರೂ ನಿಂತು ನೋಡಿದವರಾಗಿರಬೇಕು.

2011ರ ಕಾನೂನಿನಂತೆ ಮರುವರ್ಷ ಬಂದ ‘ಸಕಾಲ’ವೂ ಇದೇ ಜಾಡಿನದು. ಗೊತ್ತಾದ ದಿನಗಳೊಳಗೆ ಸೇವೆ ದೊರೆಯದಿದ್ದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರ. ಅದು ತಪ್ಪಿತಸ್ಥ ನೌಕರನ ಸಂಬಳದಿಂದ. ನಾಗರಿಕನ ಪರವಾಗಿ ಗಡಿಯಾರವನ್ನು ಕಟ್ಟಿದ್ದು ಒಳ್ಳೆಯದೇ ಆಯಿತು. ಆದರೆ ಆ ಗಡಿಯಾರದ ಕೆಳಗೆ ಕುಳಿತವನಿಗೆ ಇಂತಿಷ್ಟು ದಿನದೊಳಗೆ ಒಂದು ಮೇಜು, ಒಂದು ದೀಪ, ಎರಡು ಪ್ಲಗ್ಗು ಒದಗಿಸದಿದ್ದರೆ ಯಾರ ಸಂಬಳದಿಂದ ಎಷ್ಟು ಕಡಿಯಬೇಕೆಂದು ಯಾವ ಕಾನೂನೂ ಹೇಳಲಿಲ್ಲ.

ಈ ಮಾತಿಗೆ ಹರಿಹರದವರು ನಗಬಹುದು. ಏಕೆಂದರೆ ಯಂತ್ರದ ಮುಂದೆ ಮನುಷ್ಯನನ್ನು ಹೇಗೆ ನಿಲ್ಲಿಸಬೇಕೆಂಬ ವಿದ್ಯೆ ಬಾತಿಯಿಂದ ಏಳೆಂಟು ಮೈಲಿಗಳೊಳಗೆ ಒಂದು ಕಾಲಕ್ಕೆ ನಿತ್ಯದ ಮಾತಾಗಿತ್ತು. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ 1941ರಲ್ಲಿ ಹರಿಹರದಲ್ಲಿ ಆರಂಭವಾಗಿ, ಯಂತ್ರಪುರವೆಂಬ ಊರನ್ನೇ ತನ್ನ ಸುತ್ತ ಕಟ್ಟಿಕೊಂಡು, ದೇಶಕ್ಕೆಲ್ಲ ಲೇತುಗಳನ್ನು ಮಾಡಿ ಕಳುಹಿಸಿ, ಈ ಶತಮಾನದ ಆರಂಭದಲ್ಲಿ ಬಾಗಿಲು ಮುಚ್ಚಿತು. ನನ್ನ ಸೋದರಮಾವ ಲೇತಿನ ಮೇಲೆ ದುಡಿದ ಟರ್ನರು. ನಾನು ಹುಡುಗನಾಗಿದ್ದಾಗ ಅವರು ಹೇಳುತ್ತಿದ್ದ ಮಾತು ಇಂದಿಗೂ ನೆನಪಿದೆ: ಲೇತಿನ ಮಧ್ಯದ ಗೆರೆ ಆಳಿನ ಮೊಣಕೈಗೆ ಸರಿಯಾಗಿ ಬರಬೇಕು, ಬಾರದಿದ್ದರೆ ಯಂತ್ರವನ್ನು ಬಗ್ಗಿಸಲಾಗದು, ಆದ್ದರಿಂದ ಆಳನ್ನು ಎತ್ತಬೇಕು. ಗಿಡ್ಡ ಆಳಾದ ಅವರು ಕಾಲಡಿಗೆ ಮರದ ಹಲಗೆಯ ಮಣೆ ಹಾಕಿಕೊಂಡು ನಿಲ್ಲುತ್ತಿದ್ದರಂತೆ. ಬೆನ್ನಿನ ಮೇಲಿನ ಕರುಣೆಯಿಂದ ಮಾತ್ರ ಅಲ್ಲ. ಬೆನ್ನು ನೊಂದರೆ ಕೈ ನಡುಗುತ್ತದೆ, ಕೈ ನಡುಗಿದರೆ ಕೂದಲೆಳೆಯ ಲೆಕ್ಕ ತಪ್ಪುತ್ತದೆ, ಲೆಕ್ಕ ತಪ್ಪಿದರೆ ಎರಕದ ಆ ತುಂಡು ಗುಜರಿಗೆ. ಮಾಲೀಕರಿಗೂ ಆ ಮಣೆ ಲಾಭದ್ದೇ.

ಕಾರ್ಖಾನೆಯ ಆಳಿಗೆ ಕಾನೂನಿನ ಆಸರೆಯೂ ಇತ್ತು. 1948ರ ಕಾರ್ಖಾನೆ ಕಾಯ್ದೆ ಬೆಳಕು, ಗಾಳಿ, ಒಬ್ಬೊಬ್ಬ ಕೆಲಸಗಾರನಿಗೆ 14.2 ಘನ ಮೀಟರ್ ಜಾಗ ಎಂದೆಲ್ಲ ಬರೆದದ್ದಲ್ಲದೆ, ನಿಂತೇ ದುಡಿಯಬೇಕಾದವರು ಬಿಡುವಾದಾಗ ಕೂರಲು ಆಸನಗಳಿರಬೇಕೆಂದು 44ನೆಯ ಪ್ರಕರಣದಲ್ಲಿ ವಿಧಿಸಿತ್ತು. ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ನಿಲ್ಲುವ ಹೆಣ್ಣುಮಕ್ಕಳ ಹೋರಾಟದ ಫಲವಾಗಿ ಕೇರಳ 2018ರಲ್ಲಿಯೂ, ಅದನ್ನು ನೋಡಿ ತಮಿಳುನಾಡು 2021ರಲ್ಲಿಯೂ ಕುಳಿತುಕೊಳ್ಳುವ ಹಕ್ಕನ್ನು ಅಂಗಡಿ ನೌಕರರಿಗೆ ಕಾನೂನಿನಲ್ಲಿ ಬರೆದುಕೊಟ್ಟವು. ಸರ್ಕಾರ ಅಂಗಡಿಯವನಿಗೆ ಹೇಳಿದ ಈ ಬುದ್ಧಿಯನ್ನು ತನಗೂ ಹೇಳಿಕೊಂಡರೆ ಆಗದೆ?

ನೌಕರನಿಗೆ ನೆರವಾಗಲೆಂದು ಮಾಡಿದ ಸಾಧನ ನೌಕರನನ್ನೇ ಅಳೆಯುವ ಕೋಲಾಗಿ ತಿರುಗುವುದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಅಮೆರಿಕದಲ್ಲಿ ರಾಬರ್ಟ್ ಪ್ರಾಪ್ಸ್ಟ್ ಎಂಬಾತ ಹರ್ಮನ್ ಮಿಲ್ಲರ್ ಎಂಬ ಪೀಠೋಪಕರಣದ ಸಂಸ್ಥೆಗಾಗಿ 1964ರಲ್ಲಿ ಹೊಸ ಬಗೆಯ ಕಛೇರಿಯೊಂದನ್ನು ರೂಪಿಸಿದ. ಸಾಲಾಗಿ ಕೂತು ಸವೆಯುವ ಗುಮಾಸ್ತರಿಗೆ ಓಡಾಡುವ, ಎದ್ದುನಿಂತು ಬರೆಯುವ, ತಮ್ಮ ಕಾಗದಗಳನ್ನು ಕಣ್ಣೆದುರಿಗೆ ಹರಡಿಕೊಳ್ಳುವ ಸ್ವಾತಂತ್ರ್ಯವಿರಲೆಂದು ಆತನ ಆಸೆ. 1968ರಲ್ಲಿ ಅದರ ಎರಡನೆಯ ರೂಪ ಬಂತು; ಜರುಗಿಸಬಲ್ಲ ಅಡ್ಡಗೋಡೆಗಳು ಬಂದವು. ಕಂಪೆನಿಗಳು ಆಸೆಯನ್ನು ಬಿಟ್ಟು ಅಡ್ಡಗೋಡೆಗಳನ್ನು ಮಾತ್ರ ತೆಗೆದುಕೊಂಡವು. ಕಡಿಮೆ ಜಾಗದಲ್ಲಿ ಹೆಚ್ಚು ಜನರನ್ನು ತುಂಬುವ ಪೆಟ್ಟಿಗೆಗಳ ಸಾಲು ಹುಟ್ಟಿದ್ದು ಹಾಗೆ. ಕೊನೆಗಾಲದಲ್ಲಿ ಪ್ರಾಪ್ಸ್ಟನೇ ಅದನ್ನು ಕಂಡು ಹಳಿದ. ಬೆಂಗಳೂರಿನ ಗಾಜಿನ ಸೌಧಗಳಲ್ಲಿ ಅಂಥ ಪೆಟ್ಟಿಗೆಯೊಳಗೆ ಕುಳಿತ ನನ್ನ ಶಿಷ್ಯರು ಹಲವರಿದ್ದಾರೆ. ಅವರಿಗೆ ತಿರುಗುವ ಕುರ್ಚಿ, ಏರಿಳಿಯುವ ಮೇಜು, ತಣ್ಣನೆಯ ಗಾಳಿ ಎಲ್ಲ ಉಂಟು. ಅವರ ಕೊರಗು ಬೇರೆ ಜಾತಿಯದು, ಅದನ್ನು ಇನ್ನೊಂದು ದಿನ ಬರೆಯಬೇಕು.

ಹಳ್ಳಿಯ ಆ್ಯಪುಗಳಿಗೆ ಆದದ್ದೂ ಇದೇ. ಸರ್ಕಾರಿ ಜಮೀನು ಒತ್ತುವರಿಯಾಗಿಲ್ಲವೆಂದು ಸ್ಥಳಕ್ಕೇ ಹೋಗಿ ಗುರುತು ಹಾಕಲು ಒಂದು, ಬೆಳೆ ಸಮೀಕ್ಷೆಗೆ ಒಂದು, ಪಹಣಿಗೆ ಆಧಾರ್ ಸಂಖ್ಯೆ ಹೊಂದಿಸಲು ಒಂದು, ಪಿಂಚಣಿಗೆ ಒಂದು, ನೆರೆ ಬಂದರೆ ಇನ್ನೊಂದು. ಪ್ರತಿಯೊಂದನ್ನೂ ಬೇರೆಯಾಗಿ ನೋಡಿದರೆ ಒಪ್ಪತಕ್ಕದ್ದೇ. ಹಿಂದೆ ಮನೆಯಲ್ಲೇ ಕುಳಿತು ಬೆಳೆಯ ಲೆಕ್ಕ ಬರೆದ ಲೆಕ್ಕಿಗರೂ ಇದ್ದರು. ಜೋಳವಿದ್ದ ಹೊಲ ದಾಖಲೆಯಲ್ಲಿ ಶೇಂಗಾ ಆಗಿ, ವಿಮೆಯ ಹಣ ಬಾರದೆ ಹೋದ ರೈತರ ಗೋಳು ನಾನು ಬಲ್ಲೆ. ಅದನ್ನು ತಡೆಯುವುದಕ್ಕೆ ಸ್ಥಳದ ಗುರುತೂ ಚಿತ್ರವೂ ಬೇಕೆಂದರೆ ತಪ್ಪಲ್ಲ. ಆದರೆ ಇವೆಲ್ಲವೂ ಬಂದು ಸೇರುವುದು ಒಂದೇ ಕೈಯೊಳಗಿನ ಐದಾರು ಅಂಗುಲದ ಒಂದೇ ಗಾಜಿನ ಮೇಲೆ. ಒಂದರಲ್ಲಿ ಬರೆದ ಸರ್ವೆ ನಂಬರನ್ನು ಇನ್ನೊಂದರಲ್ಲಿ ಮತ್ತೆ ಬರೆಯಬೇಕು. ಯಾವ ಊರಿನಲ್ಲಿ ಎಷ್ಟು ಶೇಕಡ ಮುಗಿಯಿತೆಂಬ ಪಟ್ಟಿ ಮಾತ್ರ ಮೇಲಿನ ಕಛೇರಿಯ ದೊಡ್ಡ ಪರದೆಯ ಮೇಲೆ ಸುಂದರವಾಗಿ ಮೂಡುತ್ತದೆ. ದಾವಣಗೆರೆ 2016ರ ಜನವರಿಯಲ್ಲಿ ಕೇಂದ್ರದ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿಯಲ್ಲೇ ಸೇರಿದ ಊರು. ಗೋಡೆ ತುಂಬುವ ಪರದೆಗಳ ನಿಯಂತ್ರಣ ಕೇಂದ್ರ ಇಲ್ಲಿಯೂ ಇದೆ. ಪರದೆ ದೊಡ್ಡದಾದಂತೆ ಅದನ್ನು ನೋಡುವವರಿಗೆ ಕುರ್ಚಿಯೂ ದೊಡ್ಡದು. ಅದಕ್ಕೆ ಅಂಕಿಗಳನ್ನು ಉಣಿಸುವವರು ಬಿಸಿಲಿನಲ್ಲಿ ಬದುವಿನ ಮೇಲೆ ನಿಂತಿರುತ್ತಾರೆ.

ಇದು ನೌಕರರ ಸಂಕಷ್ಟ, ನಮಗೇನು ಎನ್ನುವವರಿಗೆ ನನ್ನದೇ ಪ್ರಸಂಗವನ್ನು ಹೇಳಬೇಕು. ತಂದೆಯವರ ಹೆಸರಿನ ಒಂದು ಅಕ್ಷರ ಪಹಣಿಯಲ್ಲಿ ಒಂದು ರೀತಿ, ಮರಣದ ದಾಖಲೆಯಲ್ಲಿ ಇನ್ನೊಂದು ರೀತಿ ಇತ್ತು. ಯಾವ ಕಾಲದಲ್ಲೋ ಯಾವುದೋ ಕಛೇರಿಯಲ್ಲಿ, ಸಂಜೆಯ ಮಂದ ಬೆಳಕಿನಲ್ಲಿ ದಣಿದ ಕಣ್ಣಿನವರೊಬ್ಬರು ‘ದ’ಕಾರಕ್ಕೆ ‘ಧ’ಕಾರ ಬರೆದಿರಬೇಕು, ಅವರನ್ನು ನಾನು ದೂರಲಾರೆ. ಆ ಹೊಟ್ಟೆಯ ಗೀಟಿನ ಸಲುವಾಗಿ ನಾನು ವಂಶವೃಕ್ಷ, ಪ್ರಮಾಣಪತ್ರ, ನೆರೆಯವರ ಹೇಳಿಕೆ ಎಂದು ನಾಲ್ಕು ಬಾರಿ ಅಲೆದೆ. ನಾನಾದರೋ ಪಿಂಚಣಿಯವನು, ಬಸ್ಸಿನ ಖರ್ಚಿಗೆ ಹಣವುಂಟು, ಓದಲು ಬರುತ್ತದೆ. ನನ್ನ ಪಕ್ಕದಲ್ಲಿ ನಿಂತಿದ್ದ ಅಜ್ಜಿ ಒಂದು ದಿನದ ಕೂಲಿಯನ್ನು ಬಿಟ್ಟು ಬಂದಿದ್ದಳು. ಗಂಡನ ಹೆಸರಿನ ಇಪ್ಪತ್ತು ಗುಂಟೆ ತನ್ನ ಹೆಸರಿಗೆ ಬಾರದ ಹೊರತು ಬೆಳೆಸಾಲವಿಲ್ಲ, ಪರಿಹಾರವಿಲ್ಲ. “ಯವ್ವಾ, ಅಕ್ಷರ ಚಂದಾಗಿ ನೋಡಿ ಬರಿ” ಎಂದು ಆಕೆ ಅಧಿಕಾರಿಣಿಗೆ ಹೇಳುತ್ತಿದ್ದುದನ್ನು ಕೇಳಿ ನನಗೆ ಸೋದರಮಾವನ ಮಣೆ ನೆನಪಾಯಿತು. ಲೇತಿನ ಮೇಲೆ ಕೈ ನಡುಗಿದರೆ ಕಬ್ಬಿಣದ ತುಂಡು ಹಾಳು. ಇಲ್ಲಿ ಕಣ್ಣು ದಣಿದರೆ ಹಾಳಾಗುವುದು ಇಪ್ಪತ್ತು ಗುಂಟೆ.

ಏನು ಮಾಡಬಹುದೆಂದು ಕೇಳಿದರೆ ದೊಡ್ಡ ಸಮಿತಿಯ ಅಗತ್ಯವೇನೂ ನನಗೆ ತೋರುವುದಿಲ್ಲ. ಬಹಳ ಕಡೆ ಗ್ರಾಮ ಪಂಚಾಯಿತಿಗೆ ಸ್ವಂತ ಕಟ್ಟಡವಿದೆ. ಅಲ್ಲಿ ಗ್ರಾಮ ಆಡಳಿತಾಧಿಕಾರಿಗೆ ಬೀಗವಿರುವ ಒಂದು ಕೋಣೆ. ಕಿಟಕಿ ಬರೆಯುವವರ ಎಡಗಡೆಗೆ, ಪರದೆಯ ಮೇಲೆ ಬಿಸಿಲು ಹೊಳೆಯದಂತೆ. ಮೇಜಿನ ಎತ್ತರದಲ್ಲೇ ಮೂರು ನಾಲ್ಕು ಪ್ಲಗ್ಗುಗಳು, ವಿದ್ಯುತ್ತು ಹೋದಾಗ ಎರಡು ಗಂಟೆಯಾದರೂ ನಡೆಸುವ ಬ್ಯಾಟರಿ. ಹೆಣ್ಣುಮಕ್ಕಳು ಹೆಚ್ಚು ಹೆಚ್ಚಾಗಿ ಈ ಕೆಲಸಕ್ಕೆ ಬರುತ್ತಿರುವಾಗ ಶೌಚಾಲಯದ ಮಾತನ್ನು ಬಾಯಿಬಿಟ್ಟು ಹೇಳಬೇಕಾಗಿರುವುದೇ ನಾಚಿಕೆಯ ವಿಷಯ. ‘ಭೂಮಿ’ಯ ಆ ಎರಡನೆಯ ಪರದೆಯನ್ನು ಹಳ್ಳಿಗೂ ತರಬೇಕು: ಅಜ್ಜಿಗೆ ಓದಲು ಬಾರದಿದ್ದರೂ ಜೊತೆಗೆ ಬಂದ ಮೊಮ್ಮಗಳಿಗೆ ಬರುತ್ತದೆ, ತಪ್ಪಿದ ಅಕ್ಷರ ಅಲ್ಲೇ ಸಿಕ್ಕಿಬೀಳುತ್ತದೆ. ಆ್ಯಪುಗಳು ಎಷ್ಟಾದರೂ ಇರಲಿ, ಒಮ್ಮೆ ಬರೆದದ್ದನ್ನು ಮತ್ತೆ ಕೇಳಕೂಡದು. ರಾತ್ರಿ ಹತ್ತು ಗಂಟೆಗೆ ವಾಟ್ಸಾಪಿನಲ್ಲಿ ನಾಳೆಯ ಶೇಕಡವಾರು ಗುರಿಯನ್ನು ಕಳುಹಿಸುವ ಪದ್ಧತಿಯೂ ನಿಲ್ಲಲಿ. ಫ್ರಾನ್ಸಿನಲ್ಲಿ ಕೆಲಸದ ವೇಳೆ ಮುಗಿದ ಮೇಲೆ ಕಛೇರಿಯ ಕರೆಗೆ ಕಿವಿಗೊಡದಿರುವ ಹಕ್ಕು 2017ರ ಜನವರಿ 1ರಿಂದ ಕಾನೂನಿನ ಮಾತಾಗಿದೆ. ಹೊಸ ಆ್ಯಪನ್ನು ರಚಿಸುವ ಎಂಜಿನಿಯರು ಅದನ್ನು ಹೊರಬಿಡುವ ಮೊದಲು ಒಂದು ವಾರ ಇಂಥ ಕೋಣೆಯೊಂದರಲ್ಲಿ, ಸಾಧ್ಯವಾದರೆ ಸುಗ್ಗಿಯ ಕಾಲದಲ್ಲಿ, ಈ ಕೆಲಸವನ್ನೇ ಮಾಡಿ ನೋಡಬೇಕೆಂಬುದು ನನ್ನ ಕೊನೆಯ ಸೂಚನೆ. ಖರ್ಚಿನ ಮಾತು ಬಂದೀತು. ಒಂದು ಮೇಜು ಕುರ್ಚಿಯ ಬೆಲೆ ಅಕ್ಷರದೋಷದ ಒಂದು ವ್ಯಾಜ್ಯದ ವಕೀಲರ ಫೀಜಿಗಿಂತ ಹೆಚ್ಚೇನೂ ಆಗಲಾರದು.

ಐದನೆಯ ಬಾರಿ ಹೋದಾಗ ನನ್ನ ಕೆಲಸ ಮುಗಿದಿತ್ತು. ಪಹಣಿಯಲ್ಲಿ ತಂದೆಯವರ ಹೆಸರು ಹೋಗಿ ನನ್ನ ಹೆಸರು ಬಂದುದನ್ನು ಮೊಬೈಲಿನಲ್ಲಿ ತೋರಿಸಿದರು, ಅಕ್ಷರಗಳು ಸರಿಯಾಗಿದ್ದವು. ಗೋಡೆಯ ಪಕ್ಕದಲ್ಲಿ ಈ ಬಾರಿ ಒಂದು ಎತ್ತರದ ಸ್ಟೂಲು ಕಂಡಿತು. ಇಲಾಖೆ ಕೊಟ್ಟಿತೇ ಎಂದು ಕೇಳಿದೆ. “ಇಲ್ರಿ ಸರ್, ದಾವಣಗೆರಿ ಸಂತ್ಯಾಗ ನಾನs ತಗೊಂಡೆ. ಈಗ ಪ್ಲಗ್ಗಿಗೆ ಕೈ ಮುಟ್ತೈತಿ, ಕೂತೂ ಮಾಡಬೌದು” ಎಂದರು. ಅಜ್ಜಿಯ ಕಾಗದ ಏನಾಯಿತೆಂದು ವಿಚಾರಿಸಿದೆ. ಅದಿನ್ನೂ ಮೇಲಿನ ಕಛೇರಿಯಲ್ಲಿತ್ತು.